ನನ್ನ ಟ್ರ್ಯಾಕ್ಟರ್ ಬಾನೆಟ್ಟಿನ ಮೇಲಿನ ಬಾವುಟ

ಇವತ್ತು ಮಧ್ಯಾಹ್ನ ಮಳೆ ಎರಡು ತಾಸು ಬಿಡುವು ಕೊಟ್ಟಿತು. ಗೋವಿನಜೋಳಕ್ಕೆ ಎರಡನೇ ಸಲದ ಯೂರಿಯಾ ಅರ್ಧ ಹೊಲಕ್ಕೆ ಮಾತ್ರ ಆಯ್ತು. ಸೋಯಾಬೀನಿನ ಕೆಳಗಿನ ಪಟ್ಟಿಯಲ್ಲಿ ನೀರು ನಿಂತು ಎಲೆ ಹಳದಿ ತಿರುಗಿದೆ. ಅದಕ್ಕೆ ಬಸಿಗಾಲುವೆ ಹೆಂಗೆ ತೆಗೆದೆ ಅಂತ ಬರೆಯೋಣ ಅಂತಿದ್ದೆ. ಅದು ಮುಂದಿನ ವಾರ ಬರಲಿ. ಸಂಜೆ ಶಾಲೆಯ ಸಭೆಗೆ ಹೋಗಿ ಬಂದಮೇಲೆ ತಲೆಯೊಳಗೆ ಬೇರೆ ವಿಷಯ ಕೂತಿದೆ.

ನಾಡಿದ್ದು ಆಗಸ್ಟ್ 15. ಎಸ್‌ಡಿಎಂಸಿ ಅಧ್ಯಕ್ಷ ಅಂತ ನನ್ನನ್ನು ಮಾಡಿದಾಗಿಂದ ಈ ದಿನದ ತಯಾರಿ ನನ್ನ ಕೊರಳಿಗೇ ಬೀಳುತ್ತದೆ. ಲಾಡು ಯಾರು ಕೊಡಿಸೋದು, ಮೈಕ್ ಯಾರದು, ಮಳೆ ಬಂದರೆ ಹುಡುಗರನ್ನು ಎಲ್ಲಿ ಕೂಡಿಸೋದು ಎಲ್ಲ ಮುಗಿದಮೇಲೆ ಹೆಡ್‌ಮಾಸ್ತರು ಸಣ್ಣಗೆ ಕೇಳಿದರು, "ಹೋದ ವರ್ಷದ್ದು ಈ ಸಲ ಆಗಬಾರದು ನೋಡ್ರಿ." ಎಲ್ಲರೂ ನನ್ನ ಮುಖ ನೋಡಿದರು.

ಹೋದ ವರ್ಷದ್ದು ಏನಂದರೆ, ಪ್ರಭಾತ ಫೇರಿಗೆ ನಾಲ್ಕು ಟ್ರ್ಯಾಕ್ಟರ್ ಬಂದಿದ್ದವು. ಎಲ್ಲಕ್ಕೂ ಮುಂದೆ ನನ್ನದು. ಬಾನೆಟ್ಟಿನ ಮೇಲೆ ದೊಡ್ಡ ತ್ರಿವರ್ಣ ಹಾಸಿ ನಾಲ್ಕೂ ಮೂಲೆಗೆ ಸುತಳಿ ಬಿಗಿದಿದ್ದೆ. ಚಲೋ ಕಾಣಿಸ್ತಿತ್ತು. ಫೋಟೋ ಇಲ್ಲೇ ಹಾಕಿದ್ದೆ, ನೀವೂ ಬಹಳ ಮಂದಿ ಮೆಚ್ಚಿದ್ರಿ. ಮೂರನೇ ಟ್ರ್ಯಾಕ್ಟರ್ ನಮ್ಮಣ್ಣನ ಮಗಂದು. ಅವನು ಮುಂದೆ ಒಂದು ಸಣ್ಣ ತ್ರಿವರ್ಣ ಸಿಗಿಸಿ, ಹಿಂದೆ ಟ್ರೇಲರಿನ ಮೂಲೆಗೆ ನಮ್ಮ ಹಳದಿ-ಕೆಂಪು ಬಾವುಟ ಕಟ್ಟಿಕೊಂಡು ಬಂದಿದ್ದ. ಶಾಲೆ ಗೇಟಿನ ಹತ್ರ ಒಬ್ಬರು, "ಇದೇನ್ರಿ, ಇವತ್ತ ರಾಜ್ಯೋತ್ಸವ ಏನು? ದೇಶಕ್ಕ ಅಪಮಾನ ಆಗತೈತಿ" ಅಂದರು. ಇನ್ನೊಬ್ಬರು ಫೋನ್ ತೆಗೆದು ವಿಡಿಯೋ ಹಿಡಿದರು.

ನಾನು ಹೆದರಿದೆ. ಈಗ ಒಪ್ಪಿಕೊಳ್ಳಲಿಕ್ಕೆ ನಾಚಿಕೆ ಇಲ್ಲ. ವಿಡಿಯೋ ಎಲ್ಲೆಲ್ಲೋ ಓಡಾಡಿ ಮಾಸ್ತರಿಗೆ ನೋಟಿಸು ಬಂದರೆ ಅಂತ ಅನ್ನಿಸ್ತು. "ತಗೀಪಾ ಅದನ್ನ, ಮೊದಲ ತಗೀ" ಅಂತ ಎಲ್ಲರ ಮುಂದೆ ಗದರಿದೆ. ಹುಡುಗ ಬಾವುಟ ಬಿಚ್ಚಿದ. ಬಿಚ್ಚುತ್ತಾ ಒಂದು ಮಾತು ಕೇಳಿದ: "ಕಾಕಾ, ನವೆಂಬರ್ ಒಂದಕ್ಕ ಇದೇ ಗೇಟಿನ ಮುಂದ ಇದನ್ನ ನೀವ ಏರಿಸಿದ್ರಿ. ಒಂಬತ್ತ ತಿಂಗಳದಾಗ ಇದು ದೇಶಕ್ಕ ಅಪಮಾನ ಹೆಂಗ ಆತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಬಾವುಟ ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಟ್ರ್ಯಾಕ್ಟರ್ ಹೊಳ್ಳಿಸಿಕೊಂಡು ಹೋದ. ಅವತ್ತಿನಿಂದ ನನ್ನ ಹೊಲಕ್ಕೆ ಕಾಲಿಟ್ಟಿಲ್ಲ. ಪ್ರತಿ ಹಿಂಗಾರಿಗೆ ಕಡಲೆ ಬಿತ್ತಲಿಕ್ಕೆ ಅವನದೇ ಕೂರಿಗೆ ಬರ್ತಿತ್ತು, ಹೋದ ಹಿಂಗಾರಿಗೆ ಬೇರೆಯವರದನ್ನು ಬಾಡಿಗೆಗೆ ತಂದೆ. ಬಾಡಿಗೆ ದೊಡ್ಡ ಮಾತಲ್ಲ. ಬದುವಿನ ಮೇಲೆ ಎದುರಾದರೆ ಆ ಕಡೆ ಮುಖ ಮಾಡಿ ಹೋಗ್ತಾನಲ್ಲ, ಅದು ಚುಚ್ಚುತ್ತದೆ.

ಆಮೇಲೆ ಒಂದಿನ ದೊಡ್ಡ ಮಗಳಿಗೆ, ಧ್ವಜದ ನಿಯಮ ಏನೈತಿ ನೋಡವ್ವ ಅಂದೆ. 2002ರ ಭಾರತದ ಧ್ವಜ ಸಂಹಿತೆಯನ್ನು ಫೋನಿನಲ್ಲಿ ತೆಗೆದು ಸಾಲು ಸಾಲು ಓದಿ ಅರ್ಥ ಹೇಳಿದಳು. ರಾಷ್ಟ್ರಧ್ವಜ ಇರುವ ಕಂಬಕ್ಕೆ ಇನ್ನೊಂದು ಧ್ವಜ ಕಟ್ಟಬಾರದು. ಬೇರೆ ಯಾವ ಧ್ವಜವೂ ಅದಕ್ಕಿಂತ ಎತ್ತರದಲ್ಲಿ, ಅದರ ಮೇಲೆ, ಅಥವಾ ಅದರ ಪಕ್ಕದಲ್ಲಿ ಸರಿಸಮ ಇರಬಾರದು. ಇಲ್ಲಿಗೆ ನಾನು "ನೋಡು, ನಾ ಹೇಳಿದ್ದ ಖರೆ" ಅಂದೆ. ಅವಳು ನಗುತ್ತಾ ಮುಂದೆ ಓದಿದಳು. ವಾಹನದ ಬಾನೆಟ್, ಮಾಡು, ಬದಿ, ಹಿಂಭಾಗ ಯಾವುದರ ಮೇಲೂ ರಾಷ್ಟ್ರಧ್ವಜ ಹೊದಿಸಬಾರದು. ಮೋಟಾರು ಕಾರಿನ ಮೇಲೆ ಹಾರಿಸುವ ಹಕ್ಕು ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳು, ಮುಖ್ಯ ನ್ಯಾಯಮೂರ್ತಿಗಳು ಇಂಥವರಿಗೆ ಮಾತ್ರ.

ಅಂದರೆ ಆ ಮೆರವಣಿಗೆಯಲ್ಲಿ ನಿಯಮ ಎಲ್ಲರಿಗಿಂತ ಹೆಚ್ಚು ಮುರಿದವನು ಮುಂದಿನ ಟ್ರ್ಯಾಕ್ಟರಿನಲ್ಲಿ ಮೀಸೆ ತಿರುವಿಕೊಂಡು ಕೂತವನೇ! ಹುಡುಗನ ಹಳದಿ-ಕೆಂಪು ಬಾವುಟ ತ್ರಿವರ್ಣದ ಕಂಬಕ್ಕೂ ಇರಲಿಲ್ಲ, ಅದರ ಸರಿಸಮಕ್ಕೂ ಇರಲಿಲ್ಲ. ಹಿಂದೆ, ಕೆಳಗೆ, ಟ್ರೇಲರಿನ ಮೂಲೆಯಲ್ಲಿತ್ತು. ನನ್ನ ಬಾನೆಟ್ಟಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಇದನ್ನು ಬರೆಯಲಿಕ್ಕೆ ನನಗೆ ಇಷ್ಟು ದಿನ ಬೇಕಾಯ್ತು.

ಈ ಹಳದಿ-ಕೆಂಪು ಬಾವುಟ ಎಲ್ಲಿಂದ ಬಂತು ಅನ್ನೋದು ನಮ್ಮ ಹುಡುಗರಿಗೆ ಗೊತ್ತಿರಲಿ. ಇದನ್ನು ಕೊಟ್ಟವರು ಮ. ರಾಮಮೂರ್ತಿ. ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವರು, ಕನ್ನಡ ಚಳವಳಿಗಾರರು, 1960ರ ದಶಕದ ಮಾತು. ಅವರು ತೀರಿಕೊಂಡ ರೀತಿ ಕೇಳಿದರೆ ರೈತನ ಹೊಟ್ಟೆ ಚುರ್ ಅನ್ನುತ್ತದೆ. 1967ರಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೆಗೆಯುವಾಗ ಮಣ್ಣು ಕುಸಿದು ಇಬ್ಬರು ಮಕ್ಕಳ ಜೊತೆ ಹೋದರು. ಆ ಬಾವುಟಕ್ಕೆ ಇವತ್ತಿಗೂ ಸರ್ಕಾರಿ ಮಾನ್ಯತೆ ಇಲ್ಲ. 2018ರಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಗಂಡಭೇರುಂಡ ಸೇರಿಸಿ ಬೇರೆ ಬಾವುಟ ಮಾಡಿ ಕೇಂದ್ರದ ಒಪ್ಪಿಗೆಗೆ ಕಳಿಸಿತ್ತು. ಜನ ಮಾತ್ರ ಹಳೆಯದನ್ನೇ ಕಟ್ಟುತ್ತಾರೆ. ಆಟೋಕ್ಕೆ, ಗಣಪತಿ ಪೆಂಡಾಲಿಗೆ, ಸಿನಿಮಾ ಥೇಟರಿಗೆ, ಕಬ್ಬಿನ ಗಾಡಿಗೆ. ಕಟ್ಟು ಅಂತ ಯಾರೂ ಆದೇಶ ಮಾಡಿಲ್ಲ.

"ಒಂದು ದೇಶಕ್ಕೆ ಒಂದೇ ಬಾವುಟ, ರಾಜ್ಯಕ್ಕೆ ಯಾಕೆ" ಅನ್ನುವವರಿಗೆ ಒಂದು ಮಾತು. ಜಮ್ಮು-ಕಾಶ್ಮೀರಕ್ಕೆ 1952ರಿಂದ 2019ರ ತನಕ ಪ್ರತ್ಯೇಕ ರಾಜ್ಯಧ್ವಜ ಇತ್ತು. ಶ್ರೀನಗರದ ಸಚಿವಾಲಯದ ಮೇಲೆ ತ್ರಿವರ್ಣದ ಜೊತೆ ಅದೂ ಹಾರುತ್ತಿತ್ತು. ಕೆಂಪು ಬಟ್ಟೆ, ಮೂರು ಬಿಳಿ ಗೆರೆ, ನಡುವೆ ಒಂದು ಬಿಳಿ ನೇಗಿಲು. ಅದನ್ನು ಇಳಿಸಿದ್ದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಅಲ್ಲಿಯ ಕಥೆ ಬೇರೆ. ನೇಗಿಲಿದ್ದ ಬಾವುಟ ಒಂದು ಹೋಯ್ತಲ್ಲ ಅಂತ ನನಗೆ ಸ್ವಲ್ಪ ಬೇಜಾರಾಗಿದ್ದು ಖರೆ.

ಇನ್ನು "ನಮ್ಮ ಬಾವುಟ ಎಲ್ಲಿ ಬೇಕಾದರೂ ಹಾರಿಸ್ತೀವಿ, ಕೇಳೋರು ಯಾರು" ಅನ್ನುವ ಹುಡುಗರಿಗೂ ಹೇಳೋದಿದೆ. 2021ರ ಜನವರಿ 26 ನೆನಪು ಮಾಡಿಕೊಳ್ಳಿ. ದಿಲ್ಲಿ ಗಡಿಯಲ್ಲಿ ರೈತರು ಎರಡು ತಿಂಗಳು ಚಳಿಯಲ್ಲಿ ಕೂತಿದ್ದರು. ಅವತ್ತು ಟ್ರ್ಯಾಕ್ಟರ್ ಮೆರವಣಿಗೆ. ನಾನು ಬೆಳಿಗ್ಗೆಯಿಂದ ಟಿವಿ ಮುಂದೆ ಕೂತಿದ್ದೆ, ಅಷ್ಟು ಟ್ರ್ಯಾಕ್ಟರ್ ಒಟ್ಟಿಗೆ ನೋಡಿ ಎದೆ ಉಬ್ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಲವರು ಕೆಂಪುಕೋಟೆಗೆ ನುಗ್ಗಿ ಖಾಲಿ ಇದ್ದ ಕಂಬಕ್ಕೆ ಸಿಖ್ಖರ ನಿಶಾನ್ ಸಾಹಿಬ್ ಏರಿಸಿದರು. ತ್ರಿವರ್ಣವನ್ನು ಯಾರೂ ಮುಟ್ಟಿರಲಿಲ್ಲ, ಅದು ತನ್ನ ಜಾಗದಲ್ಲೇ ಹಾರುತ್ತಿತ್ತು. ಆದರೇನು, ಸಂಜೆಗೆ ಬೆಂಬಲ ಬೆಲೆಯ ಮಾತು ಹೋಯ್ತು, ಕಾಯ್ದೆಯ ಮಾತು ಹೋಯ್ತು, ಬಾವುಟದ ಮಾತೊಂದೇ ಉಳೀತು. ನಿಶಾನ್ ಸಾಹಿಬ್ ಪವಿತ್ರವಾದದ್ದು, ಪ್ರತಿ ಗುರುದ್ವಾರದ ಮುಂದೆ ಹಾರುತ್ತದೆ, ಅದರ ತಪ್ಪಲ್ಲ. ಪ್ರಧಾನಿ ಆಗಸ್ಟ್ 15ಕ್ಕೆ ತ್ರಿವರ್ಣ ಹಾರಿಸುವ ಕೋಟೆ, ಗಣರಾಜ್ಯದ ದಿನ, ಅಲ್ಲಿ ಅದು ತಪ್ಪು ಜಾಗ ಆಗಿತ್ತು. ಅದೇ ವರ್ಷ ನವೆಂಬರಿನಲ್ಲಿ ಕಾಯ್ದೆ ವಾಪಸ್ ಆದವು ಖರೆ, ಆದರೆ ಆ ಒಂದು ಮಧ್ಯಾಹ್ನದ ಬೆಲೆಯನ್ನು ಏನೂ ಮಾಡದ ಲಕ್ಷಾಂತರ ರೈತರು ತೆತ್ತರು. ಹಸಿರು ಶಾಲು ಹೊದ್ದವರನ್ನು ಕಂಡು ನಮ್ಮ ಕಡೆಯೂ ಮಂದಿ "ದೇಶದ್ರೋಹಿ" ಅಂದದ್ದನ್ನು ನಾನು ಕಿವಿಯಾರೆ ಕೇಳಿದೆ.

ಹಂಗಾದರೆ ಸರಿಯಾದ ಜಾಗ ಯಾವುದು? ಅದನ್ನು ನಾನು ನೋಡಿದ್ದು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ. ನಮ್ಮ ಕಲಘಟಗಿ ಸೀಮೆಯಿಂದ ದೂರ ಇಲ್ಲ. 1960ರ ದಶಕದಲ್ಲಿ ಸರ್ಕಾರ ಕಾಡು ಕಡಿಸಿ ಕೊಟ್ಟ ಜಾಗದಲ್ಲಿ ನೆಲೆಸಿದ ಮಂದಿ ಅವರು. ನಮ್ಮ ಹಂಗೇ ಗೋವಿನಜೋಳ ಬೆಳೀತಾರೆ, ಚಳಿಗಾಲ ಬಂತಂದರೆ ಪ್ಯಾಟಿಗೆ ಸ್ವೆಟರ್ ಮಾರಲಿಕ್ಕೆ ಹೋಗ್ತಾರೆ. ಕೆಲವು ವರ್ಷದ ಹಿಂದೆ ಒಂದು ಆಗಸ್ಟ್ 15ಕ್ಕೇ ಮೇವಿನ ವ್ಯವಹಾರಕ್ಕೆ ಹೋಗಿದ್ದೆ. ಎರಡು ಕಂಬ ಇದ್ದವು. ಎತ್ತರದ್ದರ ಮೇಲೆ ತ್ರಿವರ್ಣ. ಅಲ್ಲಿಂದ ಸ್ವಲ್ಪ ದೂರ, ಒಂದು ಗೇಣು ತಗ್ಗಿಗೆ, ಹಿಮದ ಗುಡ್ಡ, ಸೂರ್ಯ, ಎರಡು ಸಿಂಹ ಇರುವ ಅವರ ಬಾವುಟ. ಮೊದಲು ನಮ್ಮದು ಏರಿತು, ನಮ್ಮ ರಾಷ್ಟ್ರಗೀತೆ ಆಯ್ತು. ಮೇವಿನ ಲೆಕ್ಕ ಮುಗಿಸಿದ ಅಜ್ಜನಿಗೆ, "ನಿಮ್ಮದ್ಯಾಕ ತಗ್ಗಿಗೆ ಐತಿ?" ಅಂತ ಸುಮ್ಮನೆ ಕೇಳಿದೆ. ಅವರು ತಮ್ಮ ಕನ್ನಡದಲ್ಲಿ, "ನಮ್ ಊರಲ್ಲಿ ಇದು ಕಟ್ಟಿದ್ರೆ ಜೈಲು. ಇಲ್ಲಿ ಯಾರೂ ಬಿಚ್ಚು ಅಂದಿಲ್ಲ. ಅದಕ್ಕೆ ನಿಮ್ದು ಮೇಲೆ" ಅಂದರು.

ಬಿಚ್ಚು ಅಂದಿಲ್ಲ ಅಂದರಲ್ಲ, ಹೋದ ವರ್ಷ ಆ ಗೇಟಿನ ಮುಂದೆ ಬಿಚ್ಚು ಅಂದವನು ನಾನು. ಅದೂ ಪರದೇಶದ ಬಾವುಟಕ್ಕಲ್ಲ, ನನ್ನ ಮನೆಯ ಹುಡುಗ ನನ್ನ ಭಾಷೆಯ ಮೇಲಿನ ಪ್ರೀತಿಗೆ ಕಟ್ಟಿದ್ದಕ್ಕೆ.

ನಡುವೆ ಒಂದು ಮಾತು ಸೇರಿಸಿಬಿಡ್ತೀನಿ, ಸಿಟ್ಟು ಬಂದರೂ ಪರವಾಗಿಲ್ಲ. ಖಾದಿಯ ರಾಷ್ಟ್ರಧ್ವಜ ಅಂದರೆ ನಮ್ಮ ಧಾರವಾಡ ಜಿಲ್ಲೆಯ ಹೆಸರು ಬರುತ್ತದೆ. ಗರಗದಲ್ಲಿ ಅದರ ಬಟ್ಟೆ ನೇಯ್ದವರಿದ್ದಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೆಣ್ಣುಮಕ್ಕಳು ಅಳತೆ ತಪ್ಪದಂಗೆ ಹೊಲೀತಾರೆ. 2021ರ ಕೊನೆಗೆ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ ಪರವಾನಗಿ ಕೊಟ್ಟರು. ನನ್ನ ಬಾನೆಟ್ಟಿನ ಮೇಲೆ ಇದ್ದದ್ದೂ ಪಾಲಿಯೆಸ್ಟರೇ, ಹತ್ತಿ ಬೆಳೆದ ಮನೆತನದವನು ನಾನು. ಆಗಸ್ಟ್ 16ಕ್ಕೆ ಶಾಲೆ ಮುಂದಿನ ಗಟಾರದಲ್ಲಿ ಸಣ್ಣ ಪ್ಲಾಸ್ಟಿಕ್ ಬಾವುಟ ಬಿದ್ದಿದ್ದವು. ಆರಿಸಲಿಕ್ಕೆ ಹೋದವರು ನಾನು ಮತ್ತು ಅಡುಗೆ ಮಾಡುವ ಅಕ್ಕ, ಇಬ್ಬರೇ. ವಿಡಿಯೋ ಹಿಡಿದವರು ಆ ಕಡೆ ಸುಳಿಯಲಿಲ್ಲ.

ನಾನು ಇವತ್ತು ಸಭೆಯಲ್ಲಿ ಹೇಳಿದ್ದು ಇಷ್ಟು. ಶಾಲೆಯ ಕಂಬಕ್ಕೆ ತ್ರಿವರ್ಣ ಒಂದೇ. ಅದಕ್ಕೆ ಸರಿಸಮ ಇನ್ನೊಂದು ಕಂಬ ಬೇಡ, ಅದರ ಕೆಳಗೆ ಹಳದಿ-ಕೆಂಪು ಕಟ್ಟುವುದೂ ಬೇಡ. ಆದರೆ ಗೇಟಿನ ಹೊರಗೆ ಅರಳಿಕಟ್ಟೆ ಹತ್ತಿರ, ತಗ್ಗಿನ ಬಿದಿರಿಗೆ ಯಾರಾದರೂ ಕನ್ನಡ ಬಾವುಟ ಕಟ್ಟಿದರೆ ಅದನ್ನು ಬಿಚ್ಚಿಸುವ ಅಧಿಕಾರ ನನಗಿಲ್ಲ, ವಿಡಿಯೋ ಹಿಡಿಯುವವರಿಗೂ ಇಲ್ಲ. ಮೊದಲು ತ್ರಿವರ್ಣ ಏರಲಿ, ಆಮೇಲೆ ಅದು. ಒಬ್ಬರು ಎದ್ದು, "ಹಂಗಾದ್ರ ನಾಳೆ ಪಕ್ಷದವರು ಬರ್ತಾರ, ಜಾತಿಯವರು ಬರ್ತಾರ, ಎಲ್ಲಾರೂ ಒಂದೊಂದು ಬಿದಿರು ನೆಡ್ತಾರ" ಅಂದರು. ಆ ಮಾತಿನಲ್ಲಿ ಹುರುಳಿದೆ. ಪಕ್ಷದ್ದು, ಜಾತಿಯದ್ದು ನಮ್ಮ ಬಿದಿರಿಗೆ ಬೇಡ ಅಂತ ಬರೆಸಿದೆವು. ಇದು ಪೂರ್ತಿ ಬಗೆಹರಿದಿಲ್ಲ ಅಂತ ನನಗೂ ಗೊತ್ತು. ಹೆಡ್‌ಮಾಸ್ತರು ಠರಾವಿಗೆ ಸಹಿ ಹಾಕುವಾಗ ಎರಡು ಸಲ ಪೆನ್ನು ಎತ್ತಿ ಇಳಿಸಿದರು.

ಈ ಸಲ ನನ್ನ ಟ್ರ್ಯಾಕ್ಟರ್ ಬಾನೆಟ್ ಬರಿದಾಗಿ ಬರುತ್ತದೆ. ಬೇಲಿಯ ಬಿದಿರಿನಲ್ಲಿ ನೆಟ್ಟಗಿದ್ದದ್ದು ಒಂದು ಕಡಿದು, ಗಿಣ್ಣು ಸವರಿ, ಸಭೆಯಿಂದ ಬರುವಾಗ ಅಣ್ಣನ ಮನೆಯ ಹಿತ್ತಲ ಗೋಡೆಗೆ ಆನಿಸಿ ಬಂದೀನಿ. ಅತ್ತಿಗೆ ನೋಡಿದರು, ಏನೂ ಕೇಳಲಿಲ್ಲ. ಹುಡುಗ ಹೊಲದಿಂದ ಇನ್ನೂ ಬಂದಿರಲಿಲ್ಲ. ಹಗ್ಗ ಮತ್ತ ಬಾವುಟ ಅವನ ಹತ್ರಾನೇ ಅದಾವು.