ಫೋಕಸ್ ಮಾಡಲು ಹೋದಾಗ ಸಿಕ್ಕ ಬಾಲ

ಹೊಸ ಫೋನ್ ಕೈಗೆ ಬಂದ ಕೂಡಲೇ ಕ್ಯಾಮೆರಾ ತೆರೆದು ಎದುರಿಗಿರೋ ಹೂಕುಂಡದ ಫೋಟೊ ತೆಗೀತೀವಲ್ಲ, 1999ರ ಆಗಸ್ಟಿನಲ್ಲಿ ನಾಸಾದವರೂ ಹೆಚ್ಚುಕಮ್ಮಿ ಅದನ್ನೇ ಮಾಡಿದರು. ಅವರ ಹೊಸ ಕ್ಯಾಮೆರಾ ಅಂದರೆ ಚಂದ್ರಾ ಎಕ್ಸ್-ರೇ ಟೆಲಿಸ್ಕೋಪ್. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತದ್ದು. ಜುಲೈ 23ರಂದು ಕೊಲಂಬಿಯಾ ನೌಕೆ ಅದನ್ನು ಹೊತ್ತು ಹಾರಿತ್ತು.

ಫೋಕಸ್ ಸರಿಮಾಡಲು ಚುಕ್ಕೆಯಂಥ ವಸ್ತು ಬೇಕು. ಪಿಕೆಎಸ್ 0637-752 ಎಂಬ ಕ್ವೇಸಾರನ್ನು ಆರಿಸಿದರು. ಸುಮಾರು 600 ಕೋಟಿ ಜ್ಯೋತಿರ್ವರ್ಷ ದೂರದ್ದು. ಚುಕ್ಕೆಯಾಗಿಯೇ ಕಾಣಬೇಕು ತಾನೇ? ಆದರೆ ಚುಕ್ಕೆಯ ಪಕ್ಕದಲ್ಲಿ ಒಂದು ಬಾಲ! ರೇಡಿಯೊ ಟೆಲಿಸ್ಕೋಪ್‌ಗಳಿಗೆ ಆ ಬಾಲದ ಗುರುತಿತ್ತು. ಎಕ್ಸ್-ರೇಯಲ್ಲೂ ಅದು ಇಷ್ಟು ಹೊಳೆಯುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

ಇಂಥ ಗ್ಯಾಲಕ್ಸಿಗಳ ನಡುವೆ ದೈತ್ಯ ಕಪ್ಪುಕುಳಿ ಇರುತ್ತದೆ. ಒಳಗೆ ಬೀಳುವ ಅನಿಲದಲ್ಲಿ ಒಂದಿಷ್ಟು ನುಂಗಿಸಿಕೊಳ್ಳದೆ, ಕಾಂತಕ್ಷೇತ್ರದ ದೆಸೆಯಿಂದ ಎರಡೂ ದಿಕ್ಕಿಗೆ ಬೆಳಕಿನ ವೇಗದ ಹತ್ತಿರ ಚಿಮ್ಮುತ್ತದೆ. ಅದೇ ಜೆಟ್. ಈ ಕ್ವೇಸಾರಿನ ಜೆಟ್ ಎರಡು ಲಕ್ಷ ಜ್ಯೋತಿರ್ವರ್ಷಕ್ಕೂ ಉದ್ದ; ನಮ್ಮ ಇಡೀ ಆಕಾಶಗಂಗೆಯ ಅಡ್ಡಗಲವೇ ಸುಮಾರು ಒಂದು ಲಕ್ಷ.

ಇದನ್ನು ನೆಲದಿಂದ ನೋಡಲಾಗದು, ನಮ್ಮ ವಾಯುಮಂಡಲ ಎಕ್ಸ್-ರೇಗಳನ್ನು ಹೀರಿಬಿಡುತ್ತದೆ. ಕನ್ನಡಿಯೂ ಬೇರೆ ಥರದ್ದು. ನೇರ ಬಿದ್ದ ಎಕ್ಸ್-ರೇ ಪ್ರತಿಫಲಿಸುವುದಿಲ್ಲ. ಕೆರೆಯಲ್ಲಿ ಓರೆಯಾಗಿ ಬೀಸಿದ ಚಪ್ಪಟೆ ಕಲ್ಲು ನೀರ ಮೇಲೆ ಜಿಗಿಯುವಂತೆ, ಸವರಿಕೊಂಡು ಹೋಗುವಂತೆ ಬಿದ್ದರೆ ಮಾತ್ರ ತಿರುಗುತ್ತದೆ.

ತಲೆನೋವು ಶುರುವಾದದ್ದು ಆಮೇಲೆ. ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಎಕ್ಸ್-ರೇ ಹೊರಡಿಸಬೇಕಾದರೆ ಎಲೆಕ್ಟ್ರಾನಿಗೆ ವಿಪರೀತ ಶಕ್ತಿ ಬೇಕು. ಅಂಥವು ಬೇಗ ದಿವಾಳಿಯಾಗುತ್ತವೆ, ಬಾಲದ ತುದಿಯವರೆಗೆ ತಾಳುವುದೇ ಇಲ್ಲ. ಹಾಗಾಗಿ 2000ದ ಹೊತ್ತಿಗೆ ಬೇರೊಂದು ವಿವರಣೆ ಬಂತು. ಮಹಾಸ್ಫೋಟದ ಕಾಲದಿಂದ ಎಲ್ಲೆಡೆ ಉಳಿದಿರುವ ಮೈಕ್ರೋವೇವ್ ಬೆಳಕನ್ನು, ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳೇ ಗುದ್ದಿ ಎಕ್ಸ್-ರೇ ಮಾಡುತ್ತಿವೆ ಅಂತ. ಸೊಗಸಾದ ಉತ್ತರ. ಷರತ್ತು ಮಾತ್ರ ದುಬಾರಿ: ಲಕ್ಷಾಂತರ ಜ್ಯೋತಿರ್ವರ್ಷ ಸಾಗಿದ ಮೇಲೂ ಜೆಟ್ ಬೆಳಕಿನ ವೇಗಕ್ಕೆ ಹತ್ತಿರವೇ ಇರಬೇಕು, ಜೊತೆಗೆ ನಮ್ಮ ಕಡೆಗೇ ಮುಖ ಮಾಡಿರಬೇಕು. ಜೆಟ್ ಎಷ್ಟು ಶಕ್ತಿ ಹೊತ್ತು ಹೋಗಿ ಸುತ್ತಲಿನ ಅನಿಲವನ್ನು ಕಾಯಿಸುತ್ತದೆ ಅನ್ನೋ ಲೆಕ್ಕವೂ ಇದರ ಮೇಲೇ ನಿಂತಿದೆ. ಅನಿಲ ತಣ್ಣಗಾಗದಿದ್ದರೆ ಹೊಸ ನಕ್ಷತ್ರ ಹುಟ್ಟುವುದಿಲ್ಲ.

ಆದರೆ ಇದೇ ವಿವರಣೆ ನಿಜವಾಗಿದ್ದರೆ ಗಾಮಾ ಕಿರಣವೂ ಬರಬೇಕಿತ್ತು. 2008ರಲ್ಲಿ ಮೇಲೇರಿದ ಫರ್ಮಿ ಟೆಲಿಸ್ಕೋಪ್ ವರ್ಷಗಟ್ಟಲೆ ನೋಡಿತು. 2014ರಲ್ಲಿ 3ಸಿ 273 ಎಂಬ ಕ್ವೇಸಾರಿನ ಜೆಟ್‌ಗೂ, 2015ರಲ್ಲಿ ನಮ್ಮ ಪಿಕೆಎಸ್‌ಗೂ ಲೆಕ್ಕದಂತೆ ಬರಬೇಕಾದ ಗಾಮಾ ಕಿರಣ ಇಲ್ಲ ಎಂದು ವರದಿಯಾಯಿತು. ಆಫೀಸಿನಲ್ಲಿ ಖಾಲಿ ರಿಪೋರ್ಟ್ ಕಳಿಸಿದರೆ ಮ್ಯಾನೇಜರ್ ಮುಖ ನೋಡಬೇಕು! ಇಲ್ಲಿ ಖಾಲಿಯೇ ರಿಸಲ್ಟ್. ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಅದೇ. ಅಂದರೆ ದಾರಿಯುದ್ದಕ್ಕೂ ಎಲೆಕ್ಟ್ರಾನುಗಳಿಗೆ ಯಾರೋ ಮತ್ತೆ ಮತ್ತೆ ರೀಚಾರ್ಜ್ ಮಾಡುತ್ತಿದ್ದಾರೆ. ಹೇಗೆ?

ಒಂದು ಸುಳಿವು ಬಂದಿದ್ದು ಹತ್ತಿರದ ಮಾರ್ಕೇರಿಯನ್ 501ರಿಂದ. ಅದರ ಎಕ್ಸ್-ರೇ ಅಲೆಗಳು ಯಾವ ದಿಕ್ಕಿಗೆ ಕಂಪಿಸುತ್ತವೆ ಅಂತ ಐಎಕ್ಸ್‌ಪಿಇ ಉಪಗ್ರಹ 2022ರಲ್ಲಿ ಅಳೆಯಿತು. ಆಘಾತ ಅಲೆಯೇ ಎಲೆಕ್ಟ್ರಾನುಗಳನ್ನು ತಳ್ಳುತ್ತಿದೆ ಎಂಬುದಕ್ಕೆ ಅದು ಹೊಂದುತ್ತದೆ. ಆದರೆ ಅದು ಕಪ್ಪುಕುಳಿಗೆ ಹತ್ತಿರದ ಕಥೆ, ಲಕ್ಷ ಜ್ಯೋತಿರ್ವರ್ಷದಾಚೆಯದ್ದಲ್ಲ.

ಇದೇ ಬಗೆಯ ಅಳತೆಗೆಂದು ಇಸ್ರೊ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹಾರಿಸಿತು. ಅದರ ಪೋಲಿಕ್ಸ್ ಉಪಕರಣ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಅದನ್ನು ಕಟ್ಟಿದ ಸಿ.ವಿ. ರಾಮನ್, ಚಂದ್ರಶೇಖರ್ ಅವರಿಗೆ ಸ್ವಂತ ಚಿಕ್ಕಪ್ಪ. ಪೋಲಿಕ್ಸ್ ನೋಡುವುದು ಪ್ರಖರ ಮೂಲಗಳನ್ನು, ಪಿಕೆಎಸ್ ಬಾಲದಂಥ ಮಂದ ಬೆಳಕು ಅದರ ಕೈಗೆ ಎಟುಕದು. ಚುಕ್ಕೆಯಿಂದ ಬಾಲವನ್ನು ಬೇರ್ಪಡಿಸಿ ನೋಡೋ ಕೆಲಸಕ್ಕೆ ಇವತ್ತಿಗೂ ಚಂದ್ರಾವೇ ಬೇಕು.