ಹಳೆ ಕಾರಿನ ಡೀಸೆಲ್ ದಾರಿ



ಹಳೆಯ ಕಾರು ಇರುವ ಮನೆಯಲ್ಲಿ ಎರಡು ಪಕ್ಷ ಇದ್ದೇ ಇರುತ್ತದೆ. ಗುಜರಿಗೆ ಕೊಡಿ ಎನ್ನುವವರದು ಒಂದು, ಇರಲಿ ಬಿಡಿ ಎನ್ನುವವರದು ಇನ್ನೊಂದು. ನಮ್ಮ ಮನೆಯಲ್ಲಿ ಎರಡನೆಯ ಪಕ್ಷಕ್ಕೆ ನಾವೊಬ್ಬರೇ. ತಂದೆಯವರು 1986ರಲ್ಲಿ ತೆಗೆದ ಡೀಸೆಲ್ ಅಂಬಾಸಿಡರ್ ಇಂದಿಗೂ ನಮ್ಮ ಕೊಟ್ಟಿಗೆಯಲ್ಲಿದೆ, ವಾರಕ್ಕೊಮ್ಮೆ ಉಪ್ಪಳದ ಅಂಗಡಿಗೆ ಹೋಗಿ ಬರುತ್ತದೆ. ಕಳೆದ ತಿಂಗಳು ಓದುಗರೊಬ್ಬರು ಪತ್ರ ಬರೆದು, ತಮ್ಮಲ್ಲಿಯೂ ಅಂಥದ್ದೇ ಕಾರಿದೆ, ಡೀಸೆಲ್ ಪಂಪಿನ ಕೆಲಸ ಮನೆಯಲ್ಲೇ ಎಷ್ಟು ಮಾಡಬಹುದು ಎಂದು ಕೇಳಿದ್ದಾರೆ. ನಮ್ಮ ವಿದ್ಯೆ ಎಸ್ಸೆಸ್ಸೆಲ್ಸಿಗೇ ನಿಂತದ್ದು, ಕಸುಬು ಅಡಿಕೆ ಮತ್ತು ಕೊಪ್ಪರದ ವ್ಯಾಪಾರ. ಆದರೂ ಮೂವತ್ತು ವರ್ಷ ಕೈಗೆ ಡೀಸೆಲ್ ಹಚ್ಚಿಕೊಂಡು ಕಲಿತದ್ದನ್ನು ಹೇಳಬಹುದು.

ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಬಂದದ್ದು 1980ರ ಸುಮಾರಿಗೆ. 1,489 ಸಿ.ಸಿ.ಯ ಆ ಎಂಜಿನ್ ಮೂಲತಃ ಇಂಗ್ಲೆಂಡಿನ ಬಿಎಂಸಿ ಕಂಪೆನಿಯ ವಿನ್ಯಾಸ. ಇದಕ್ಕೆ ಕಾರ್ಬುರೇಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾದ ಗಾಳಿಗೆ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸಿದರೆ ತಾನಾಗಿ ಉರಿಯುತ್ತದೆ. ಚಿಮ್ಮಿಸುವ ಕೆಲಸ ಪಂಪು ಮತ್ತು ನಾಝಲ್‌ಗಳದ್ದು. ಜರ್ಮನಿಯಲ್ಲಿ ಬಾಷ್ ಕಂಪೆನಿ 1927ರಲ್ಲಿ ಇಂಥ ಪಂಪನ್ನು ಸಾಲಾಗಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಗಾಡಿಗಳು ರಸ್ತೆಯಲ್ಲಿ ಧಾರಾಳವಾಗಿ ಕಾಣಿಸಿಕೊಂಡವು. ನಮ್ಮ ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಾರ್ಖಾನೆ ಆ ಬಾಷ್ ವಿದ್ಯೆಯದ್ದೇ ಕೂಸು. 2008ರಲ್ಲಿ ಹೆಸರು ಬಾಷ್ ಎಂದಾಯಿತು, ಆದರೆ ನಮ್ಮ ಕಡೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇನ್ನೂ ಮೈಕೋ.

ಒಂದು ಲೆಕ್ಕ ಕೇಳಿ. ಕಾರಿನ ಟಯರಿಗೆ ನಾವು ಹಾಕಿಸುವ ಗಾಳಿ ಮೂವತ್ತು ಪೌಂಡ್. ನಾಝಲ್ ಬಾಯಿ ತೆರೆಯಲು ಬೇಕಾದ ಒತ್ತಡ ಚದರ ಇಂಚಿಗೆ ಒಂದೂವರೆ ಸಾವಿರ ಪೌಂಡಿಗೂ ಮೇಲೆ. ಅಷ್ಟು ಒತ್ತಡ ಹಿಡಿದಿಡಲು ಪಂಪಿನೊಳಗಿನ ಕಡ್ಡಿ ಮತ್ತು ಅದರ ಗೂಡಿನ ನಡುವೆ ಬಿಡುವ ಸಂದು ಎರಡು ಮೂರು ಮೈಕ್ರಾನ್ ಮಾತ್ರ, ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲು. ಅಲ್ಲಿಗೆ ಒಂದು ಕಣ ಧೂಳು ಹೋದರೂ ಕೆಟ್ಟಿತು. ಆದ್ದರಿಂದ ಮೊದಲ ಮಾತು ಇದು: ಪಂಪನ್ನು ಮನೆಯಲ್ಲಿ ಬಿಚ್ಚಬೇಡಿ. ಅದಕ್ಕೆ ಪರೀಕ್ಷಾ ಮೇಜು ಇರುವ ಪಂಪು ಸರ್ವಿಸಿನವರೇ ಬೇಕು. ಮನೆಯ ಕೆಲಸ ಇರುವುದು ಟ್ಯಾಂಕಿನಿಂದ ಪಂಪಿನ ಬಾಗಿಲಿನವರೆಗೆ, ಮತ್ತೆ ನಾಝಲ್‌ಗಳನ್ನು ಹೊರಗೆ ತೆಗೆದು ಪರೀಕ್ಷೆಗೆ ಕೊಟ್ಟು ತಂದು ಕೂರಿಸುವಲ್ಲಿ. ನಮ್ಮ ಅನುಭವದಲ್ಲಿ ಹತ್ತರಲ್ಲಿ ಎಂಟು ತೊಂದರೆ ಹುಟ್ಟುವುದೂ ಆ ದಾರಿಯಲ್ಲೇ.

ನಮ್ಮ ಕರಾವಳಿಯಲ್ಲಿ ಮೊದಲ ಶತ್ರು ನೀರು. ಆಟಿ ತಿಂಗಳ ಮಳೆಯಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ಬೆವರಿ ನೀರಾಗಿ ತಳ ಸೇರುತ್ತದೆ, ತುಕ್ಕು ಹಿಡಿಸುತ್ತದೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ತುಂಬಿಸಿಡಿ. ಫಿಲ್ಟರಿನ ತಳದಲ್ಲಿ ತಿರುಪು ಇದ್ದರೆ ತಿಂಗಳಿಗೊಮ್ಮೆ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಬಿಟ್ಟು ನೋಡಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಎರಡನೆಯ ಶತ್ರು ಗಾಳಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕಾಗಿದೆ.

2003ರ ಜುಲೈ ತಿಂಗಳ ಒಂದು ರಾತ್ರಿ ಅಮ್ಮನಿಗೆ ಮಾತು ತೊದಲಿತು, ಎಡಗೈ ಏಳಲಿಲ್ಲ. ಹತ್ತಿರ ಬೇರೆ ಗಾಡಿ ಇರಲಿಲ್ಲ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅಳಿಯನನ್ನು ಕೂರಿಸಿಕೊಂಡು ಮಂಗಳೂರಿಗೆ ಹೊರಟೆವು. ಹೊಸಂಗಡಿ, ಮಂಜೇಶ್ವರ ದಾಟಿತು. ತಲಪಾಡಿ ಹತ್ತಿರ ಬರುವಾಗ ಎಂಜಿನ್ ಒಮ್ಮೆ ಎಳೆದುಕೊಂಡಿತು, ಮತ್ತೊಮ್ಮೆ ಎಳೆದುಕೊಂಡಿತು, ನಿಂತೇಬಿಟ್ಟಿತು. ಜಡಿಮಳೆ. ಬಾನೆಟ್ ಎತ್ತಿ ಟಾರ್ಚು ಹಿಡಿದು ನೋಡಿದರೆ ಎಲ್ಲಿಯೂ ಒಂದು ತೊಟ್ಟು ಡೀಸೆಲ್ ಸೋರಿದ ಗುರುತಿಲ್ಲ.

ಸೋರದ್ದೇ ರೋಗದ ಲಕ್ಷಣ ಎಂದು ಆಗ ನಮಗೆ ತಿಳಿದಿರಲಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಎಳೆಯಲ್ಪಡುತ್ತದೆ, ತಳ್ಳಲ್ಪಡುವುದಿಲ್ಲ. ಅಲ್ಲಿ ಸಂದಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಫೀಡ್ ಪಂಪಿನಿಂದ ಆಚೆಗೆ ಸಂದಿದ್ದರೆ ಮಾತ್ರ ಒದ್ದೆ ಕಾಣುತ್ತದೆ. ಹಿಂದಿನ ವಾರ ಫಿಲ್ಟರ್ ಬದಲಿಸಿದಾಗ ಫೀಡ್ ಪಂಪಿನ ಪೈಪನ್ನೂ ಬಿಚ್ಚಿದ್ದೆವು. ಬೋಲ್ಟಿನ ತಾಮ್ರದ ವಾಷರು ಹೊಸತು ಹಾಕದೆ ಹಳೆಯದನ್ನೇ ಕೂರಿಸಿದ್ದೆವು. ಅಂಗಡಿಯಲ್ಲಿ ಅದರ ಬೆಲೆ ಎರಡು ರೂಪಾಯಿಯೋ ಮೂರೋ. ವ್ಯಾಪಾರಿಯ ಕೈ, ಉಳಿಸಿತು.

ಮಳೆಯಲ್ಲಿ ಗಾಳಿ ತೆಗೆದದ್ದು ಹೀಗೆ. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ ಫೀಡ್ ಪಂಪಿನ ಕೈಸನ್ನೆಯನ್ನು ಒತ್ತುತ್ತಾ ಹೋಗುವುದು. ಮೊದಲು ನೊರೆ ಬರುತ್ತದೆ, ಗುಳ್ಳೆ ನಿಂತು ನಿಚ್ಚಳ ಡೀಸೆಲ್ ಬಂದ ಮೇಲೆ ತಿರುಪು ಬಿಗಿಯುವುದು. ಆಮೇಲೆ ದೊಡ್ಡ ಪಂಪಿನ ತಿರುಪಿನಲ್ಲೂ ಅದೇ ಕೆಲಸ. ಕೊನೆಗೆ ನಾಝಲ್‌ಗಳ ಪೈಪಿನ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಬೇಕು. ನಟ್ಟಿನ ಬುಡದಲ್ಲಿ ಡೀಸೆಲ್ ಕಂಡ ಕೂಡಲೇ ಬಿಗಿಯಬೇಕು. ಆ ರಾತ್ರಿ ಕೈಸನ್ನೆ ಒತ್ತಿದರೆ ಏನೂ ಬಾರದು. "ಮಾವ, ಎಂಜಿನನ್ನು ಒಂದು ಸುತ್ತು ತಿರುಗಿಸಿ ನೋಡುವ, ಕ್ಯಾಮ್ ಎತ್ತಿ ಹಿಡಿದಿರಬೇಕು" ಎಂದ ಅಳಿಯ. ಆಗ ಐಟಿಐ ಕಲಿಯುತ್ತಿದ್ದ ಹುಡುಗ. ಸರಿಯಾಗಿಯೇ ಹೇಳಿದ, ಕ್ಯಾಮಿನ ಉಬ್ಬು ಪಂಪನ್ನು ಎತ್ತಿ ಹಿಡಿದಿದ್ದರೆ ಕೈಸನ್ನೆಗೆ ಓಟವೇ ಇರುವುದಿಲ್ಲ. ಬೋಲ್ಟನ್ನು ಇನ್ನಷ್ಟು ಬಿಗಿದು, ಎಲ್ಲ ಮುಗಿಸಿ ಹೊರಡುವಾಗ ಅರ್ಧ ಗಂಟೆ ಕಳೆದಿತ್ತು.

ಅಮ್ಮ ಬದುಕಿದರು, ಮತ್ತೆ ಎಂಟು ವರ್ಷ ಇದ್ದರು. ಎಡಗೈ ಪೂರ್ತಿ ಬರಲಿಲ್ಲ. ಆ ಅರ್ಧ ಗಂಟೆಯಿಂದಲೇ ಹೀಗಾಯಿತೇ ಎಂದು ಡಾಕ್ಟರರನ್ನು ನಾವು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ಅಮ್ಮ ಒಂದು ಕೈಯಲ್ಲೇ ಜಪಮಾಲೆ ತಿರುಗಿಸುವುದನ್ನು ನೋಡುವಾಗಲೆಲ್ಲ ನಮಗೆ ಆ ವಾಷರು ನೆನಪಾಗುತ್ತಿತ್ತು. ಮನೆಯವರಿಗೆ ವಾಷರಿನ ವಿಷಯ ಹೇಳಿದ್ದು ಅಮ್ಮ ತೀರಿಕೊಂಡ ಮೇಲೆ.

ವಾಷರು ಹೊಸತೇ ಹಾಕಿ. ಅನಿವಾರ್ಯವಾಗಿ ಹಳೆಯದನ್ನೇ ಹಾಕಬೇಕಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕು ಗಟ್ಟಿಯಾದರೆ ತಾಮ್ರ ಮೆದುವಾಗುತ್ತದೆ. ಗಾಳಿಯ ಸಂಶಯ ಇದ್ದರೆ ಫೀಡ್ ಪಂಪಿನ ಮುಂದೆ ಒಂದು ಗೇಣು ಪಾರದರ್ಶಕ ಪೈಪು ತಾತ್ಕಾಲಿಕವಾಗಿ ಹಾಕಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಎಂಜಿನ್ ಕುಂಟುತ್ತಿದ್ದರೆ ಯಾವ ನಾಝಲ್ ಕೆಟ್ಟಿದೆ ಎಂದು ಕಂಡುಹಿಡಿಯುವುದು ಸುಲಭ. ಎಂಜಿನ್ ನಿಧಾನ ಓಡುತ್ತಿರುವಾಗ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ, ಸ್ಪಾನರಿನಿಂದ ಸ್ವಲ್ಪವೇ ಸಡಿಲಿಸಿ. ಸ್ವರ ಬದಲಾದರೆ ಆ ನಾಝಲ್ ದುಡಿಯುತ್ತಿದೆ. ಬದಲಾಗದಿದ್ದರೆ ಕಳ್ಳ ಅಲ್ಲಿದ್ದಾನೆ. ಹೊಗೆಯೂ ಮಾತಾಡುತ್ತದೆ. ಕಪ್ಪಾದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ನಾಝಲ್ ಚಿಮ್ಮಿಸದೆ ತೊಟ್ಟಿಕ್ಕುತ್ತಿದೆ. ಬಿಳಿಯಾದರೆ ಡೀಸೆಲ್ ಉರಿಯದೆ ಹೋಗುತ್ತಿದೆ. ನೀಲಿಯಾದರೆ ಎಂಜಿನ್ ಆಯಿಲ್, ಅದು ಪಂಪಿನ ತಪ್ಪಲ್ಲ. ನಾಝಲ್ ಹೊರಗೆ ತೆಗೆದಾಗ ಅದರಡಿಯ ವಾಷರು ಗುಂಡಿಯಲ್ಲೇ ಉಳಿಯುವುದುಂಟು. ನೋಡದೆ ಇನ್ನೊಂದು ಹಾಕಿದರೆ ಎರಡು ಸೇರಿ ನಾಝಲ್ ಸರಿ ಕೂರುವುದಿಲ್ಲ. ಬಿಚ್ಚಿದ ಪೈಪಿನ ಬಾಯಿಗಳಿಗೆಲ್ಲ ಶುಚಿಯಾದ ಪ್ಲಾಸ್ಟಿಕ್ ಕಟ್ಟಿಡಿ.

ನಾಝಲ್ ಚಿಮ್ಮುವುದನ್ನು ಪರೀಕ್ಷಿಸಲು ಕೈ ಅಡ್ಡ ಹಿಡಿಯುವ ಹುಡುಗರನ್ನು ನಾವು ಕಂಡಿದ್ದೇವೆ. ಹಿಡಿಯಲೇಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲು ಕಡಿಮೆ. ಒಳಗೆ ಕೊಳೆತು ಬೆರಳನ್ನೇ ಕತ್ತರಿಸಬೇಕಾಗಬಹುದು. ಹಾಗಾದರೆ ಅರಶಿನ ಹಚ್ಚಿ ಕಾಯಬೇಡಿ, ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ.

ಈಗಿನ ಡೀಸೆಲಿನ ಒಂದು ವಿಷಯ. 2020ರ ಏಪ್ರಿಲಿನಿಂದ ಬರುವ ಬಿಎಸ್-6 ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷದಲ್ಲಿ ಹತ್ತು ಭಾಗ ಮಾತ್ರ. ಊರಿನ ಗಾಳಿಗೆ ಒಳ್ಳೆಯದು. ಆದರೆ ಹಳೆಯ ಡೀಸೆಲಿನಲ್ಲಿ ಉಬ್ಬಿ ಕೂತಿದ್ದ ಹಳೆ ರಬ್ಬರ್ ಸೀಲುಗಳು ಇದರಲ್ಲಿ ಕುಗ್ಗಿ ಸೋರುವುದುಂಟು. ಪಂಪು ಸರ್ವಿಸಿಗೆ ಹೋದಾಗ ಸೀಲುಗಳನ್ನೂ ಒಟ್ಟಿಗೆ ಬದಲಿಸಿಬಿಡಿ.

ಪೆಟ್ರೋಲಿನವರಿಗೂ ನಾಲ್ಕು ಮಾತು. 2000ನೇ ಇಸವಿಯ ಹೊತ್ತಿಗೆ ಮಾರುತಿ 800ಕ್ಕೂ ಎಂಪಿಎಫ್‌ಐ ಬಂತು. ಆ ಕಾರು ನಿಂತುಹೋದದ್ದು 2014ರಲ್ಲಿ, ನಮ್ಮ ಅಂಬಾಸಿಡರಿನ ಕಾರ್ಖಾನೆಗೆ ಬೀಗ ಬಿದ್ದ ವರ್ಷವೇ. ಎಂಜಿನ್ ನಿಲ್ಲಿಸಿದ ಮೇಲೂ ಅದರ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ, ಆಮೇಲೆ ಪೈಪಿಗೆ ಕೈ ಹಾಕಿ. ಕೆಲಸ ಅಂಗಳದಲ್ಲೇ ಆಗಲಿ, ದೀಪ ಹಚ್ಚಿದ ಕೋಣೆಯ ಪಕ್ಕದಲ್ಲಿ ಬೇಡ. ಅದರ ಇನ್ನೊಂದು ಕಾಟ ಇಲಿ. ಇಂಜೆಕ್ಟರಿನ ವಯರುಗಳನ್ನು ಕಡಿದು ಹಾಕುತ್ತದೆ. ನಾವು ವಿಷ ಇಡುವವರಲ್ಲ. ರಾತ್ರಿ ಬಾನೆಟ್ ತೆರೆದಿಟ್ಟು ಒಂದು ಸಣ್ಣ ಬಲ್ಬು ಉರಿಸಿದರೆ ಇಲಿ ಅಲ್ಲಿ ಗೂಡು ಕಟ್ಟಲು ಹೋಗುವುದಿಲ್ಲ. ಕೊಪ್ಪರದ ಚೀಲವನ್ನು ಕಾರಿನ ಹತ್ತಿರ ಇಡುವುದನ್ನೂ ನಿಲ್ಲಿಸಿದೆವು, ಅದೇ ಹೆಚ್ಚು ಉಪಕಾರವಾಯಿತೋ ಏನೋ.

ಧರ್ಮಸ್ಥಳಕ್ಕೆ ಹೋದವರು ಅಲ್ಲಿಯ ಹಳೆ ಕಾರುಗಳ ಸಂಗ್ರಹ ನೋಡಿಯೇ ಇರುತ್ತೀರಿ. ನಮ್ಮ ಕಾರಿಗೆ ಅಂಥ ಗೌರವ ಇಲ್ಲ. 2021ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಐವತ್ತು ವರ್ಷ ದಾಟಬೇಕು, ನಮ್ಮದಕ್ಕೆ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಐದು ವರ್ಷಕ್ಕೊಮ್ಮೆ ರಿಜಿಸ್ಟ್ರೇಶನ್ ನವೀಕರಣ, ಹೊಗೆ ಪರೀಕ್ಷೆ. ಮುಂದಿನ ತಿಂಗಳು ನಮ್ಮ ಸರದಿ ಇದೆ. ಈ ಭಾನುವಾರ ಅಳಿಯ ರಜೆಯಲ್ಲಿ ಬರುತ್ತಾನೆ, ನಾಲ್ಕೂ ನಾಝಲ್ ತೆಗೆದು ಪರೀಕ್ಷೆಗೆ ಕೊಡುವುದೆಂದು ನಿಶ್ಚಯಿಸಿದ್ದೇವೆ. ವಾಷರುಗಳನ್ನು ನಿನ್ನೆಯೇ ತಂದಿಟ್ಟಿದ್ದೇವೆ, ಒಂದು ಡಜನ್.