ದೂರ ಸರಿಯುತ್ತಿರುವ ಹಕ್ಕಿ

ಅಪರೂಪದ ಹಕ್ಕಿಯೊಂದನ್ನು ಕಾಣಲು ಎಷ್ಟು ದೂರ ಹೋಗಬೇಕು? ಹಕ್ಕಿ ವೀಕ್ಷಕರಿಗೆ ಇದು ರಜೆಯ, ರೈಲಿನ, ಖರ್ಚಿನ ಪ್ರಶ್ನೆ. ಆದರೆ ಈ ಪ್ರಶ್ನೆಯ ಹಿಂದೆ ಮತ್ತೊಂದು ಪ್ರಶ್ನೆಯಿದೆ: ಆ ದೂರವು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತ ಹೋದದ್ದೇಕೆ?

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮುಡಬಿಯನ್ನೇ ಉದಾಹರಣೆಯಾಗಿ ನೋಡಬಹುದು. ಮಲೆನಾಡಿನ ಓದುಗರಿಗೆ ಅದು ರಾಜ್ಯದ ಇನ್ನೊಂದು ತುದಿ. ಜಂಬಿಟ್ಟಿಗೆಯ ಕೆಂಪು ಮಡ್ಡಿ ಮತ್ತು ತೊಗರಿ, ಜೋಳ, ಕಡಲೆ ಬೆಳೆಯುವ ಎರೆ, ಇವೆರಡೂ ಸೇರಿದ ಸೀಮೆ ಅದು. ಅಲ್ಲಿಯ ವಿದ್ಯಾರ್ಥಿಯೊಬ್ಬನು ಎರೆಭೂತವನ್ನು ಕಣ್ಣಾರೆ ಕಾಣಬಯಸಿದನೆನ್ನೋಣ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಲೋಕವು ಕರೆಯುವ ಈ ಹಕ್ಕಿಗೆ ಕನ್ನಡದ ರೈತನು ಎರೆಯ ಹೆಸರನ್ನೇ ಇಟ್ಟಿದ್ದಾನೆ. ಸುಮಾರು ಒಂದು ಮೀಟರ್ ಎತ್ತರ, ಗಂಡಾದರೆ 15 ಕಿಲೋವರೆಗೆ ತೂಕ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರವಾದವುಗಳ ಸಾಲಿಗೆ ಇದು ಸೇರುತ್ತದೆ. ಒಂದು ಕಾಲದಲ್ಲಿ ದಖ್ಖನ್ ಪ್ರಸ್ಥಭೂಮಿಯ ಹುಲ್ಲುಗಾವಲುಗಳಲ್ಲಿ ವ್ಯಾಪಕವಾಗಿದ್ದ ಈ ಹಕ್ಕಿಯನ್ನು ಖಚಿತವಾಗಿ ಕಾಣಬೇಕೆಂದರೆ ಇಂದು ಆ ವಿದ್ಯಾರ್ಥಿಯು ರಾಜಸ್ಥಾನದ ಜೈಸಲ್ಮೇರಿನ ಮರುಭೂಮಿಗೆ ಹೋಗಬೇಕು. ನೇರ ರೇಖೆ ಎಳೆದರೂ ಅದು ಸಾವಿರ ಕಿಲೋಮೀಟರಿಗೂ ಮಿಗಿಲಾದ ಹಾದಿ.

ಒಂದೆರಡು ತಲೆಮಾರಿನ ಹಿಂದೆ ಇಷ್ಟು ದೂರ ಹೋಗಬೇಕಿರಲಿಲ್ಲ. ಬಸವಕಲ್ಯಾಣದಿಂದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಒಂದು ಬೆಳಗಿನ ಪಯಣ ಮಾಡಿದರೆ ಸೊಲ್ಲಾಪುರ. ಅದರ ಬಳಿಯಲ್ಲೇ ನಾನ್ನಜ್. ಎರೆಭೂತಕ್ಕಾಗಿಯೇ 1979ರಲ್ಲಿ ಅಲ್ಲಿ ಅಭಯಾರಣ್ಯವನ್ನು ಘೋಷಿಸಲಾಯಿತು. ದಕ್ಷಿಣದಲ್ಲಿ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಿತ್ತು, ಆಂಧ್ರದಲ್ಲಿ ರೋಳ್ಳಪಾಡು ಇತ್ತು. 1969ರಲ್ಲಿ ದೇಶದಲ್ಲಿ ಸುಮಾರು 1,260 ಹಕ್ಕಿಗಳಿದ್ದವೆಂದು ಅಂದಾಜು. ಇಂದು ಉಳಿದಿರುವುದು 150ರ ಆಸುಪಾಸು ಅಥವಾ ಅದಕ್ಕೂ ಕಡಿಮೆ, ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ಕರ್ನಾಟಕದ ಪಾಲಿಗೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳಲ್ಲಿ ಕಂಡುಬಂದ ಬೆರಳೆಣಿಕೆಯ ಹಕ್ಕಿಗಳೇ ಕೊನೆಯ ಕೊಂಡಿ. ರಾಷ್ಟ್ರಪಕ್ಷಿಯ ಆಯ್ಕೆಯ ಸಂದರ್ಭದಲ್ಲಿ ಡಾ. ಸಲೀಂ ಅಲಿಯವರು ಎರೆಭೂತದ ಪರವಾಗಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ನವಿಲು ಉಳಿಯಿತು, ಎರೆಭೂತವು ಅಳಿವಿನಂಚಿಗೆ ಬಂದು ನಿಂತಿತು.

ಕಾರಣಗಳು ನಿಗೂಢವಲ್ಲ. ಬೇಟೆ ಮೊದಲನೆಯದು. ಎರಡನೆಯದು, ಈ ಹಕ್ಕಿಯ ಸಂತಾನಕ್ರಮವೇ ನಿಧಾನ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ, ಅದೂ ಬಯಲಿನ ಬರಿನೆಲದ ಮೇಲೆ. ನಾಯಿಯೊಂದು ಬಂದರೂ, ದನ ತುಳಿದರೂ ಆ ವರ್ಷದ ಫಲ ಮುಗಿದಂತೆ. ಮೂರನೆಯದು ವಿದ್ಯುತ್ ತಂತಿ. ನೆಲದ ಮೇಲಿನ ಆಹಾರವನ್ನು ಹುಡುಕಲೂ ಸುತ್ತಲಿನ ಅಪಾಯವನ್ನು ಗಮನಿಸಲೂ ಒಗ್ಗಿದ ಅದರ ಕಣ್ಣುಗಳಿಗೆ ನೇರ ಮುಂದಿರುವುದು ಚೆನ್ನಾಗಿ ಕಾಣುವುದಿಲ್ಲ. ಭಾರವಾದ ದೇಹವನ್ನು ಕ್ಷಣದಲ್ಲಿ ತಿರುಗಿಸಲೂ ಆಗದು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ ಮತ್ತು ಗುಜರಾತಿನ ಅದರ ನೆಲೆಗಳಲ್ಲಿ ಸಾಧ್ಯವಿರುವೆಡೆ ತಂತಿಗಳನ್ನು ನೆಲದಡಿಗೆ ಒಯ್ಯಬೇಕೆಂದು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಆದರೆ ದಖ್ಖನ್ನಿನಲ್ಲಿ ಎಲ್ಲಕ್ಕಿಂತ ಆಳವಾದ ಕಾರಣ ನೆಲವೇ. ಹುಲ್ಲುಗಾವಲನ್ನು ಸರ್ಕಾರದ ಕಡತವು ‘ಬಂಜರು’ ಎಂದು ಬರೆದುಕೊಂಡಿತು. ಬಂಜರೆಂದ ಮೇಲೆ ಅದನ್ನು ಉದ್ಧಾರ ಮಾಡಬೇಕಲ್ಲವೇ? ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ನೆಡಲಾಯಿತು. ಮರಗಳು ಬಂದವು, ಎರೆಭೂತ ಹೋಯಿತು. ಮಲೆನಾಡಿಗರಿಗೆ ಈ ಕಥೆ ಹೊಸದಲ್ಲ. ಬೇಣಗಳನ್ನೂ ಗುಡ್ಡದ ನೆತ್ತಿಯ ಹುಲ್ಲುಗಾವಲುಗಳನ್ನೂ ಖಾಲಿ ಜಾಗವೆಂದು ಭಾವಿಸಿ ಅಕೇಶಿಯಾ ನೆಟ್ಟದ್ದರ ಫಲವನ್ನು ಅವರು ಉಣ್ಣುತ್ತಲೇ ಇದ್ದಾರೆ. ಮರವಿದ್ದರೆ ಮಾತ್ರ ಕಾಡು, ಕಾಡಿದ್ದರೆ ಮಾತ್ರ ಪರಿಸರ ಎಂಬ ಭ್ರಮೆಯು ಬೆಟ್ಟಕ್ಕೂ ಬಯಲಿಗೂ ಸಮಾನವಾಗಿ ಕೇಡು ಮಾಡಿದೆ.

ಬೇಸಾಯದ ಬದಲಾವಣೆಯೂ ಇದರಲ್ಲಿ ಪಾಲುದಾರ. ಎರೆಭೂತವು ಕೃಷಿಯ ಶತ್ರುವಲ್ಲ. ಮಿಡತೆ, ಜೀರುಂಡೆ, ಹಲ್ಲಿಗಳ ಜೊತೆಗೆ ಕಾಳುಗಳನ್ನೂ ಬಾರೆಹಣ್ಣನ್ನೂ ತಿಂದು, ಮಳೆಯಾಶ್ರಿತ ಹೊಲ ಮತ್ತು ಹುಲ್ಲಿನ ನಡುವೆ ಓಡಾಡಿಕೊಂಡಿದ್ದ ಹಕ್ಕಿಯದು. ಕಾಲುವೆ ನೀರು ಬಂದು ಎರೆಯು ಗದ್ದೆಯಾದಾಗ, ಮಿಶ್ರಬೆಳೆಯ ಜಾಗಕ್ಕೆ ಒಂದೇ ಬೆಳೆ ಬಂದಾಗ, ಕೀಟನಾಶಕವು ಮಿಡತೆಯನ್ನು ಅಳಿಸಿದಾಗ ಅದಕ್ಕೆ ಉಣ್ಣಲೂ ಅಡಗಲೂ ಎಡೆಯಿಲ್ಲದಾಯಿತು. ಬೀದರ್ ಜಿಲ್ಲೆಯ ಹೊಲಗಳಲ್ಲಿ ಸೋಯಾ ಅವರೆ ವಿಸ್ತರಿಸಿದ ಬಗೆಯನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ರೈತನನ್ನು ದೂರುವುದರಿಂದ ಪ್ರಯೋಜನವಿಲ್ಲ. ಬೆಲೆಯೂ ನೀತಿಯೂ ತೋರಿದ ದಾರಿಯಲ್ಲಿ ಅವನು ನಡೆದಿದ್ದಾನೆ.

ರೈತನನ್ನು ಹೊರಗಿಟ್ಟು ಹಕ್ಕಿಯನ್ನು ಉಳಿಸಲಾಗದು ಎಂಬುದಕ್ಕೆ ನಾನ್ನಜ್ ಸಾಕ್ಷಿ. ಕಾಗದದ ಮೇಲೆ ಆ ಅಭಯಾರಣ್ಯದ ವಿಸ್ತಾರ 8,496 ಚದರ ಕಿಲೋಮೀಟರ್. ಊರುಗಳು, ಹೊಲಗಳು, ಪಟ್ಟಣಗಳು ಎಲ್ಲವೂ ಅದರೊಳಗೇ. ಸ್ವಂತ ಜಮೀನಿನ ವ್ಯವಹಾರಕ್ಕೂ ತೊಡಕಾದಾಗ ಜನರು ಹಕ್ಕಿಯನ್ನೇ ಶಪಿಸತೊಡಗಿದರು. ಮುಂದೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ನಕ್ಷೆಯಲ್ಲಿ ಎಳೆದ ಗೆರೆಯು ಊರಿನವರ ಮನಸ್ಸಿನಲ್ಲಿ ಮೂಡದಿದ್ದರೆ ಹಕ್ಕಿಗೆ ನೆರಳಾಗದು.

ಹಾಗಾದರೆ ದೂರದ ಪಯಣ ತಪ್ಪೇ? ತಪ್ಪಲ್ಲ. 1931ರಲ್ಲಿ ಸಲೀಂ ಅಲಿಯವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಹೊರಟಾಗ ಬೀದರ್ ಸೀಮೆಯೂ ಅದೇ ಸಂಸ್ಥಾನದ ಭಾಗವಾಗಿತ್ತು. ಅಂಥ ಅಲೆದಾಟವಿಲ್ಲದಿದ್ದರೆ ಏನಿತ್ತು, ಏನು ಹೋಯಿತು ಎಂದು ಹೇಳಲು ಇಂದು ಆಧಾರವೇ ಇರುತ್ತಿರಲಿಲ್ಲ. ಆದರೆ ಚಿತ್ರವೊಂದಕ್ಕಾಗಿ ವಾಹನದಲ್ಲಿ ಬೆನ್ನಟ್ಟುವುದು, ಮೊಬೈಲಿನಿಂದ ಕೂಗು ಕೇಳಿಸಿ ಹಕ್ಕಿಯನ್ನು ಕರೆಯುವುದು, ಗೂಡಿನ ಜಾಗವನ್ನು ಊರಿಗೆಲ್ಲ ಸಾರುವುದು ನೋಟದ ಹೆಸರಿನ ಬೇಟೆ. ಒಂದೇ ಮೊಟ್ಟೆಯಿಡುವ ತಾಯಿಯನ್ನು ಎಬ್ಬಿಸಿದವನು ಕಂಡದ್ದಕ್ಕಿಂತ ಕಳೆದದ್ದೇ ಹೆಚ್ಚು. ಮಂಗಟ್ಟೆಯನ್ನು ಹುಡುಕಿಕೊಂಡು ಮಲೆನಾಡಿಗೆ ಬರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಜೈಸಲ್ಮೇರಿನ ಸಂತಾನಾಭಿವೃದ್ಧಿ ಕೇಂದ್ರದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಎರೆಭೂತದ ಮೊದಲ ಮರಿ ಹೊರಬಂದಿತು. ಸಂತೋಷದ ಸುದ್ದಿಯೇ. ಆದರೆ ಮರಿಗಳು ಬೆಳೆದು ನಿಂತ ದಿನ ಅವುಗಳನ್ನು ಎಲ್ಲಿ ಬಿಡುವುದು? ದಖ್ಖನ್ನಿಗೆ ಅವು ಮರಳಬೇಕಾದರೆ ಇಲ್ಲಿ ಹುಲ್ಲಿರಬೇಕು, ಮಿಡತೆಯಿರಬೇಕು, ತಂತಿಯಿಲ್ಲದ ಆಕಾಶವಿರಬೇಕು.

ಆ ಹುಲ್ಲು ಪೂರ್ತಿಯಾಗಿ ಹೋಗಿಲ್ಲ. ಮಧ್ಯ ಏಷ್ಯಾದ ಬಯಲುಗಳಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹ್ಯಾರಿಯರ್ ಗಿಡುಗಗಳು ದಖ್ಖನ್ನಿನ ಹುಲ್ಲುಗಾವಲುಗಳಲ್ಲಿ ಚಳಿಗಾಲ ಕಳೆಯುತ್ತವೆ. ಹಗಲೆಲ್ಲ ಮಿಡತೆ ಹಿಡಿದು, ಸಂಜೆ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಅವು ಅಷ್ಟು ದೂರದಿಂದ ಅರಸಿ ಬರುವುದು ಕಡತವು ಬಂಜರೆಂದು ಕರೆದ ನೆಲವನ್ನೇ.

ಆದುದರಿಂದ ಮುಡಬಿಯ ಹಾಗೂ ಮಲೆನಾಡಿನ ವಿದ್ಯಾರ್ಥಿಗಳ ಮೊದಲ ಪಯಣವು ಊರ ಗಾಯರಾಣಕ್ಕೆ, ಗೋಮಾಳಕ್ಕೆ, ಬೇಣಕ್ಕೆ ಆಗಲಿ. ಗೌಜಲ, ಟಿಟ್ಟಿಭ, ನೆಲಗುಬ್ಬಿಗಳು ಎಲ್ಲಿ ಮೊಟ್ಟೆಯಿಡುತ್ತವೆ, ಹಿರಿಯರು ಕಂಡ ಯಾವ ಹಕ್ಕಿ ಈಗಿಲ್ಲ ಎಂಬುದನ್ನು ಬರೆದಿಡಲಿ. 2002ರ ಜೀವವೈವಿಧ್ಯ ಕಾಯಿದೆಯು ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಇಂಥ ದಾಖಲೆಯನ್ನು ಸಿದ್ಧಪಡಿಸುವ ಹೊಣೆ ವಹಿಸಿದೆ. ಅದರಲ್ಲಿ ಹುಲ್ಲುಗಾವಲಿಗೂ ಒಂದು ಪುಟವಿರಲಿ. ಗಾಯರಾಣವನ್ನು ಯಾರಿಗಾದರೂ ಹಂಚುವ ಮಾತು ಗ್ರಾಮಸಭೆಗೆ ಬಂದ ದಿನ, ಆ ಪುಟವನ್ನು ಎದ್ದುನಿಂತು ಓದುವವರು ಇರಲಿ. ಹಕ್ಕಿಯ ದೂರವು ಕಡಿಮೆಯಾಗುವುದು ಅಲ್ಲಿಂದಲೇ.